ಚೀಟಿ ಬರೆದು ಕೊಟ್ಟವರು

ಬೆಂಗಳೂರಿನ ಸಂಗೀತದ ಚರಿತ್ರೆ ಬರೆದವರು ಹೆಚ್ಚಿನವರು ವೇದಿಕೆಯ ಕಡೆ ಮುಖ ಮಾಡಿಯೇ ಬರೆದಿದ್ದಾರೆ. ಯಾರು ಹಾಡಿದರು, ಯಾರ ಶಿಷ್ಯರು, ಯಾವ ಬಾನಿ, ಯಾವ ಬಿರುದು. ವೇದಿಕೆಗೆ ಬೆನ್ನು ತಿರುಗಿಸಿ ಕೂತರೆ ಇನ್ನೊಂದು ಚರಿತ್ರೆ ಕಾಣುತ್ತದೆ. ನಾಳೆ ಎಲ್ಲಿ ಯಾರ ಕಚೇರಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡವರು, ಕ್ಯಾಸೆಟ್ಟಿಗೆ ಇಳಿಸಿಕೊಂಡು ಹಂಚಿದವರು, ನೋಟ್‌ಬುಕ್ಕಿನಲ್ಲಿ ರಾಗದ ಪಟ್ಟಿ ಬರೆದಿಟ್ಟವರು, ಟಿಕೆಟ್ಟಿಗೆ ಕಾಸಿಲ್ಲದೆ ಪೆಂಡಾಲಿನ ಹೊರಗೆ ನಿಂತವರು. ಪಿಎಚ್.ಡಿ.ಗೆಂದು ಹಳೆಯ ಕಾಗದ ತಿರುವಿಹಾಕುತ್ತಿರುವಾಗೆಲ್ಲ ನನಗೆ ಈ ಜನರೇ ಎದುರಾಗುತ್ತಾರೆ, ಹೆಸರಿಲ್ಲದೆ.

ನಾನಿರುವುದು ಮಾರತ್ತಹಳ್ಳಿಯಲ್ಲಿ. ಸಂಗೀತದ ಹುಚ್ಚಿರುವವರಿಗೆ ಇದು ಅಂಥ ಅನುಕೂಲದ ಊರಲ್ಲ. ಚಾಮರಾಜಪೇಟೆಗೆ ಕಚೇರಿ ಕೇಳಲು ಹೋದರೆ ತನಿ ಆವರ್ತನ ಶುರುವಾಗುವ ಹೊತ್ತಿಗೆ ಎದ್ದು ಮೆಜೆಸ್ಟಿಕ್ಕಿಗೆ ಓಡಬೇಕು, ಇಲ್ಲವಾದರೆ 335ಇ ಬಸ್ಸು ತಪ್ಪುತ್ತದೆ. ತನಿ ಶುರುವಾದಾಗ ಎದ್ದು ಹೋಗುವುದು ಮೃದಂಗದವರಿಗೆ ಮಾಡುವ ಅವಮಾನ ಎಂಬುದು ರಸಿಕರಿಗೆ ಗೊತ್ತು, ಬಸ್ಸಿಗೆ ಗೊತ್ತಿಲ್ಲ. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡಿನವರೆಗೆ ಪೂರ್ತಿಯಾಯಿತು. ಅದೂ ಕೆ.ಆರ್. ಪುರದ ಮೇಲೆ ಸುತ್ತಿಕೊಂಡು ಹೋಯಿತು, ನಮ್ಮ ಸೇತುವೆಯ ಕಡೆ ಬರಲಿಲ್ಲ. ಯಾರು ಏನನ್ನು ಎಷ್ಟು ಹೊತ್ತು ಕೇಳಬಲ್ಲರು ಎಂಬುದನ್ನು ಈ ನಗರದಲ್ಲಿ ಬಹುಕಾಲದಿಂದ ಇಂಥವೇ ತೀರ್ಮಾನಿಸಿವೆ.

ಮೊದಲಿನಿಂದಲೂ ಇದು ಎರಡು ಊರು. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಬದಿಗೆ ಬಂದು ನೆಲೆಯೂರಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕೇಳುವ ಕಿವಿಗಳೂ ಹಾಗೆಯೇ ಎರಡಾಗಿದ್ದವು. ಹಲಸೂರಿನ ಸೋಮೇಶ್ವರನ ಗುಡಿಯಲ್ಲಿ ಓಲಗ, ಬೌರಿಂಗ್ ಇನ್‌ಸ್ಟಿಟ್ಯೂಟಿನಂಥ ಕ್ಲಬ್ಬುಗಳಲ್ಲಿ ಬಾಲ್‌ರೂಮ್ ನೃತ್ಯ. ನಡುವೆ ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡು. ಪಡೆಯ ಬ್ಯಾಂಡಿನವರು ಅಲ್ಲಿ ನುಡಿಸುತ್ತಿದ್ದುದು ದೊರೆಗಳ ಸಂಜೆಯ ವಿಹಾರಕ್ಕಾಗಿ. ಆದರೆ ಗೋಡೆಯಿಲ್ಲದ ಮಂಟಪದಿಂದ ಹೊರಟ ಕಹಳೆಯ ದನಿಗೆ ದಂಡು ಯಾವುದು, ಪೇಟೆ ಯಾವುದು?

ಪೇಟೆಯ ಕಡೆ ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಅದು ಸಭೆ, ಸದಸ್ಯತ್ವ, ಶಿಸ್ತು. ನನ್ನ ಮಟ್ಟಿಗೆ ಅದಕ್ಕಿಂತ ಕುತೂಹಲದ ವರ್ಷ 1939. ಆ ವರ್ಷ ಎಸ್.ವಿ. ನಾರಾಯಣಸ್ವಾಮಿ ರಾವ್ ಎಂಬ ಚಾಮರಾಜಪೇಟೆಯ ಹುಡುಗ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವ ಶುರುಮಾಡಿದ. ಆತ ಹಾಡುಗಾರನಲ್ಲ, ಕೇಳುಗ. ಮುಂದೆ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಬೇಸಿಗೆಯ ತಿಂಗಳು ಪೂರ್ತಿ ಕಚೇರಿ ನಡೆಯುವ ವಾಡಿಕೆಯಾಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ, ಚೌಡಯ್ಯ ಎಲ್ಲರೂ ಬಂದರು. ಒಳಗೆ ಟಿಕೆಟ್ಟು, ಹೊರಗೆ ಬೀದಿ. ಪೆಂಡಾಲಿನ ತಗಡಿಗೆ ಸೈಕಲ್ ಒರಗಿಸಿ ಕೇಳಿದವರಿಗೆ ಗಾಯಕರ ಮುಖ ಕಾಣುತ್ತಿರಲಿಲ್ಲ. ಆದ್ದರಿಂದ ಅವರು ಕಿವಿಯನ್ನೇ ನಂಬಿದರು. ಮೊದಲ ಎರಡು ಸ್ವರಕ್ಕೇ ರಾಗ ಹೇಳಿಬಿಡಬೇಕೆಂಬ ಪಂದ್ಯ, ತಪ್ಪಾದರೆ ಪಕ್ಕದವರ ತಿದ್ದುಪಡಿ, ಮರುದಿನ ಆಫೀಸಿನಲ್ಲಿ ಅದೇ ತೋಡಿಯ ಬಗ್ಗೆ ಇನ್ನೊಂದು ಜಗಳ. ಸಂಗೀತ ಕಲಿಯದವರು ಸಂಗೀತವನ್ನು ಕಲಿತದ್ದು ಹೀಗೆ. ಇದಕ್ಕೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ.

ನಮ್ಮ ಪೂರ್ವದಿಕ್ಕಿನ ಕಥೆ ಬೇರೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡಿತು. ಯುದ್ಧ ಮುಗಿಯುವವರೆಗೆ ರಾಗಿಹೊಲಗಳ ಪಕ್ಕದಲ್ಲಿ ಅಮೆರಿಕನ್ ವಿಮಾನಗಳ ರಿಪೇರಿ ನಡೆಯಿತು. ಸ್ವಾತಂತ್ರ್ಯದ ನಂತರ 1948ರಲ್ಲಿ ಕೆ.ಆರ್. ಪುರದ ಬಳಿ ಐ.ಟಿ.ಐ., 1960ರ ದಶಕದಲ್ಲಿ ತಿಪ್ಪಸಂದ್ರದ ಬದಿಗೆ ಬಿ.ಇ.ಎಂ.ಎಲ್. ಬಂದವು. ಎಚ್.ಎ.ಎಲ್. ತಯಾರಿಸಿದ ಮಾರುತ್ ವಿಮಾನದಿಂದಲೇ ಮಾರತ್ತಹಳ್ಳಿಗೆ ಹೆಸರು ಬಂತೆಂಬ ಕಥೆ ಇಲ್ಲಿ ಬಹಳ ಮಂದಿಯ ಬಾಯಲ್ಲಿದೆ. ನಿಜವೋ ಸುಳ್ಳೋ ಆಮೇಲಿನ ಮಾತು. ಕಾರ್ಖಾನೆಯ ನೆರಳು ಊರಿನ ಮೇಲೆ ಎಷ್ಟಿತ್ತೆಂಬುದಕ್ಕಂತೂ ಅದು ಸಾಕ್ಷಿ.

ಈ ಕಾರ್ಖಾನೆಗಳ ಕನ್ನಡ ಸಂಘಗಳು ಪೂರ್ವ ಬೆಂಗಳೂರಿಗೆ ಕೊಟ್ಟ ಸಂಗೀತದ ಹೆಸರು ರಸಮಂಜರಿ. ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಶುರುವಾದರೆ ಡಿಸೆಂಬರ್ ಮುಗಿದರೂ ಮುಗಿಯುತ್ತಿರಲಿಲ್ಲ, ಈಗಲೂ ಮುಗಿಯುವುದಿಲ್ಲ. ಲಾರಿ ಬಳಸಿ ಕಟ್ಟಿದ ವೇದಿಕೆ, ಕೆಂಪು ಹಳದಿ ಬಟ್ಟೆ, ಕೀಬೋರ್ಡು, ರಿದಂ ಪ್ಯಾಡು. ಒಬ್ಬ ಗಾಯಕ ರಾಜ್‌ಕುಮಾರ್ ಕಂಠ, ಇನ್ನೊಬ್ಬ ಪಿ.ಬಿ. ಶ್ರೀನಿವಾಸ್, ಮತ್ತೊಬ್ಬ ಎಸ್.ಪಿ.ಬಿ. ಅನುಕರಣೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಜೊತೆಯಲ್ಲಿಲ್ಲ. ಸ್ವತಃ ರಾಜ್‌ಕುಮಾರ್ ಊರೂರು ಸುತ್ತಿ ರಸಮಂಜರಿಗಳಲ್ಲಿ ಹಾಡಿದವರು. ಸಿನಿಮಾ ಹಾಡು ಇಲ್ಲಿ ತೆರೆಯಿಂದ ಇಳಿದು ಬೀದಿಯ ಹಾಡಾಗುತ್ತದೆ.

ರಸಮಂಜರಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚೀಟಿ. ಪ್ರೇಕ್ಷಕರು ಬಸ್ ಟಿಕೆಟ್ಟಿನ ಹಿಂದೆ, ಸಿಗರೇಟು ಪ್ಯಾಕಿನ ಒಳಮೈಯಲ್ಲಿ ತಮಗೆ ಬೇಕಾದ ಹಾಡಿನ ಹೆಸರು ಬರೆದು ಕೈಯಿಂದ ಕೈಗೆ ಮುಂದಕ್ಕೆ ಕಳಿಸುತ್ತಾರೆ. ನಿರೂಪಕರು ಅದನ್ನು ಮೈಕಿನಲ್ಲಿ ಓದುತ್ತಾರೆ, ಬೀದಿಯ ಹೆಸರು ಸಮೇತ. ಯಾರೋ ಕೇಳಿದ ಹಾಡು ನೂರಾರು ಜನರ ಹಾಡಾಗುತ್ತದೆ. ಮರೆತೇಹೋಗಿದ್ದ ಸಿನಿಮಾದ ಹಾಡೊಂದನ್ನು ಒಬ್ಬ ಚೀಟಿಯವನು ನೆನಪಿಸಿದರೆ ಪಕ್ಕದ ಊರಿನವರು ತಮ್ಮ ಕಾರ್ಯಕ್ರಮಕ್ಕೂ ಅದನ್ನೇ ಕೇಳುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಚೀಟಿಗಳನ್ನು ಗುಡಿಸಿ ಹಾಕುತ್ತಾರೆ. ಒಂದು ಮೊಹಲ್ಲಾದ ಅಭಿರುಚಿಯ ದಾಖಲೆ ಎಂದರೆ ಅದು, ಅದನ್ನು ಯಾವ ಪತ್ರಾಗಾರವೂ ಎತ್ತಿಡಲಿಲ್ಲ.

ಇನ್ನೊಂದು ಗುಂಪು ಇಂಗ್ಲಿಷ್ ಹಾಡಿನದು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ನಂಥ ಪಬ್ಬುಗಳಲ್ಲಿ ಕ್ಯಾಸೆಟ್ಟು ಕೇಳಿ ಬೆಳೆದವರು. 1993ರಲ್ಲಿ ಅಲಹಾಬಾದಿನಿಂದ ಹೊರಟ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಒಂದೇ ಪ್ರತಿಯನ್ನು ಇಡೀ ಹಾಸ್ಟೆಲ್ ಓದಿ ಹರಿದುಹಾಕುತ್ತಿದ್ದವರು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಕಟ್ಟಿದರು. ಮೂವರು ಮಲಯಾಳಿಗಳು, ಕಾಲುಭಾಗ ಮಲಯಾಳಿಯಾದ ಇನ್ನೊಬ್ಬ ಎಂಬ ತಮಾಷೆಯೇ ಆ ಹೆಸರು. ದಂಡಿನ ಭಾಷೆಗಳ ಲೆಕ್ಕಾಚಾರ ಬ್ಯಾಂಡಿನ ಹೆಸರಿಗೂ ಅಂಟಿಕೊಂಡಿತ್ತು.

ಈ ಗುಂಪುಗಳೆಲ್ಲ ಒಂದೇ ನೆಲ ತುಳಿದದ್ದು ಅರಮನೆ ಮೈದಾನದಲ್ಲಿ, ಒಂದೇ ದಿನವಲ್ಲವಾದರೂ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು. 2005ರಲ್ಲಿ ಸಿ. ಅಶ್ವಥ್ ಅಲ್ಲಿಯೇ ‘ಕನ್ನಡವೇ ಸತ್ಯ’ ನಡೆಸಿದರು. ಕವಿತೆ ಕೇಳಲು ಅಷ್ಟು ಜನ ಸೇರುತ್ತಾರೆಂದು ಕವಿಗಳೇ ನಂಬಿರಲಿಕ್ಕಿಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಮೆಟಾಲಿಕಾದ ಗುರಗಾಂವ್ ಕಾರ್ಯಕ್ರಮ ಎರಡು ದಿನ ಮೊದಲು ರದ್ದಾಯಿತು, ಅಲ್ಲಿ ಕಾದಿದ್ದವರಲ್ಲಿ ಹಲವರು ಸಿಕ್ಕ ವಿಮಾನ ಹಿಡಿದು ಬೆಂಗಳೂರಿಗೆ ಬಂದರು. ಅಶ್ವಥ್‌ರ ಸಭೆ ಮತ್ತು ಮೇಡನ್ನಿನ ಸಭೆಯನ್ನು ಒಂದೇ ವಾಕ್ಯದಲ್ಲಿ ಹೇಳುವ ಚರಿತ್ರೆಕಾರರು ಕಡಿಮೆ. ಒಬ್ಬರಿಗೆ ಅದು ಸಂಸ್ಕೃತಿ, ಇದು ಗದ್ದಲ. ಇನ್ನೊಬ್ಬರಿಗೆ ಇದು ಜಗತ್ತು, ಅದು ಸ್ಥಳೀಯ. ಎರಡೂ ಕಡೆ ದೂಳು ಕುಡಿದು, ಹಾಡಿನ ಪ್ರತಿ ಸಾಲನ್ನೂ ವೇದಿಕೆಗಿಂತ ಜೋರಾಗಿ ಹಾಡಿದವರು ಒಂದೇ ಜಾತಿಯ ಜನ ಎಂದು ನನಗೆ ತೋರುತ್ತದೆ.

2005 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಆ ವರ್ಷ ಬೆಂಗಳೂರು ಪೊಲೀಸ್ ಆಯುಕ್ತರು, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಮಿನ ಅಧಿಕಾರದಲ್ಲಿ, ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ಬೇಕೆಂಬ ಆದೇಶ ಹೊರಡಿಸಿದರು. ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್ ಮೂರೂ ಅದರೊಳಗೆ ಬಂದವು. ಆ ಕಾಲದ ಕನ್ನಡ ಪತ್ರಿಕೆ ಓದಿದವರಿಗೆ ಗೊತ್ತಿರುತ್ತದೆ, ‘ಲೈವ್ ಬ್ಯಾಂಡ್’ ಎಂದರೆ ಗಿಟಾರ್ ಅಲ್ಲ, ಡ್ರಮ್ಸ್ ಅಲ್ಲ. ಬಾರಿನಲ್ಲಿ ಹಾಡಿ ಕುಣಿಯುವ ಹೆಣ್ಣುಮಕ್ಕಳು, ಅವರ ಮೇಲೆ ದಾಳಿ, ದುಪ್ಪಟ್ಟಾದಿಂದ ಮುಖ ಮುಚ್ಚಿಕೊಂಡ ಫೋಟೊ. ಒಂದು ಪದ ಎರಡು ಭಾಷೆಗಳಲ್ಲಿ ಎರಡು ಬೇರೆ ಲೋಕವಾಗಿತ್ತು. ಕಾನೂನು ಎರಡನ್ನೂ ಒಂದೇ ಚೀಲಕ್ಕೆ ಹಾಕಿತು.

ಹೆಣ್ಣು ಸಾರ್ವಜನಿಕವಾಗಿ ಹಾಡಿ ಕುಣಿದರೆ ಅನುಮಾನಪಡುವ ಚಟ ನಮ್ಮ ಆಡಳಿತಕ್ಕೆ ಹೊಸದಲ್ಲ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಬೆಂಗಳೂರು ನಾಗರತ್ನಮ್ಮ ಅಚ್ಚು ಹಾಕಿಸಿದ ‘ರಾಧಿಕಾ ಸಾಂತ್ವನಮು’ ಮದರಾಸಿನಲ್ಲಿ ಅಶ್ಲೀಲವೆಂದು ನಿಷೇಧಕ್ಕೆ ಒಳಗಾದದ್ದೂ ಆ ಆಸುಪಾಸಿನಲ್ಲೇ. ತ್ಯಾಗರಾಜರ ಸಮಾಧಿಯನ್ನು ಉಳಿಸಿ ಕಟ್ಟಿಸಿದ ಅದೇ ನಾಗರತ್ನಮ್ಮ.

2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು 2005ರ ಆದೇಶವನ್ನು ಎತ್ತಿಹಿಡಿಯಿತು. ಕೆಲವು ತಿಂಗಳಲ್ಲಿ ಪಬ್ಬು, ಹೋಟೆಲುಗಳಿಗೆ ನೋಟಿಸು ಹೋಯಿತು. ಲೈಸೆನ್ಸ್ ಬೇಕಾದರೆ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ಬೇಕು. ಬೆಂಗಳೂರಿನಲ್ಲಿ ಆ ಪತ್ರವಿರುವ ಹಳೆಯ ಕಟ್ಟಡ ಹುಡುಕುವುದೇ ಒಂದು ಸಂಶೋಧನೆ. ಮನೆಗಳಿಗೆಂದು ಕಟ್ಟಿ ಅಂಗಡಿಯಾದ, ಆಮೇಲೆ ಪಬ್ಬಾದ ಇಂದಿರಾನಗರದ ಬೀದಿಗಳಲ್ಲಿ ಸಂಗೀತ ಏಕಾಏಕಿ ನಿಂತಿತು. ಕಾನೂನಿನ ಭಯಕ್ಕೆ ಕೆಲವೆಡೆ ರೆಕಾರ್ಡು ಹಾಕುವುದನ್ನೂ ನಿಲ್ಲಿಸಿದರು. ನೂರಡಿ ರಸ್ತೆಯ ಬಿ ಫ್ಲ್ಯಾಟ್, ಹನ್ನೆರಡನೇ ಮುಖ್ಯರಸ್ತೆಯಲ್ಲಿ 2013ರಲ್ಲಿ ತೆರೆದ ಹಮಿಂಗ್ ಟ್ರೀಯಂಥ ಸಣ್ಣ ಜಾಗಗಳಲ್ಲೇ ಹೊಸ ಬ್ಯಾಂಡುಗಳಿಗೆ ಮೊದಲ ಕೇಳುಗರು ಸಿಗುತ್ತಿದ್ದುದು. ಹಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಸುರಕ್ಷತೆಯ ಪತ್ರ ಕೇಳುವುದು ತಪ್ಪೆಂದು ನಾನು ಹೇಳಲಾರೆ, ಬೆಂಕಿ ಬಿದ್ದರೆ ಸಾಯುವವರೂ ಕೇಳುಗರೇ. ಆದರೆ ಮೂವತ್ತು ಜನರ ಎದುರು ಕೂತು ಹಾಡುವ ಹುಡುಗಿಗೂ ಡಿಸ್ಕೊಗೂ ಒಂದೇ ನಮೂನೆಯ ಅರ್ಜಿ ಇಟ್ಟರೆ ಅರ್ಜಿ ತುಂಬುವ ತಾಕತ್ತು ದೊಡ್ಡವರಿಗೆ ಮಾತ್ರ ಇರುತ್ತದೆ. ಅರಮನೆ ಮೈದಾನ ಮುಚ್ಚಲಿಲ್ಲ, ಮುಚ್ಚಿದ್ದು ಸಣ್ಣ ಕೋಣೆಗಳು.

ಮಾರತ್ತಹಳ್ಳಿಯಲ್ಲಿ ಆ ವರ್ಷವೂ ಅಣ್ಣಮ್ಮ ಬಂದಳು. ಮೆಜೆಸ್ಟಿಕ್ಕಿನ ಗುಡಿಯಿಂದ ದೇವಿಯನ್ನು ಬಡಾವಣೆಗೆ ಕರೆತಂದು ಕೂರಿಸಿ, ತಮಟೆ ಬಾರಿಸಿ, ರಾತ್ರಿ ಆರ್ಕೆಸ್ಟ್ರಾ ಇಡುವ ಪದ್ಧತಿ ಬೆಂಗಳೂರಿನದೇ. ಪಿ.ಜಿ.ಗಳ ಬಾಲ್ಕನಿಗಳಿಂದ ತೆಲುಗು, ಒಡಿಯಾ, ಹಿಂದಿ ಮಾತಾಡುವ ಹುಡುಗರು ಇಣುಕಿ ನೋಡುತ್ತಾರೆ, ಆಮೇಲೆ ಇಬ್ಬಿಬ್ಬರಾಗಿ ಇಳಿದು ಬರುತ್ತಾರೆ. ಈಚೆಗೆ ಚೀಟಿಯ ಜೊತೆಗೆ ಮೊಬೈಲನ್ನೇ ಎತ್ತಿ ಹಾಡಿನ ಹೆಸರು ತೋರಿಸುವವರೂ ಇದ್ದಾರೆ. ಒಮ್ಮೆ ಹಾಗೆ ತೆಲುಗು ಹಾಡು ಕೇಳಿದ ಹುಡುಗನಿಗೆ ನಿರೂಪಕರು, ‘ಮೊದಲು ಅಣ್ಣಾವ್ರದ್ದು, ಆಮೇಲೆ ನಿಮ್ಮದು’ ಎಂದರು. ಅಣ್ಣಾವ್ರದ್ದು ಮೂರಾಯಿತು, ಆಮೇಲೆ ತೆಲುಗೂ ಬಂತು. ಕೀಬೋರ್ಡಿನವರಿಗೆ ಅದು ಬಾಯಿಪಾಠವೇ ಇತ್ತು.

ಹತ್ತು ಗಂಟೆಗೆ ಪೊಲೀಸ್ ಜೀಪು ಬಂದು ನಿಲ್ಲುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹದಿನೈದು ದಿನ ಮೀರದಂತೆ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು, ನಮ್ಮ ಬೀದಿಯ ಅಣ್ಣಮ್ಮ ಆ ಪಟ್ಟಿಗೆ ಸೇರಿದಂತೆ ಕಾಣಲಿಲ್ಲ. ಮೈಕು ಆರುತ್ತದೆ. ರಿದಂ ಪ್ಯಾಡಿನವರು ವೈರು ಸುತ್ತುತ್ತಿರುವಾಗ ತಮಟೆಯವರು ಮೂಲೆಯಲ್ಲಿ ಒಂದಿಷ್ಟು ಕಾಗದ ಉರಿಸಿ ಚರ್ಮ ಕಾಯಿಸಿಕೊಳ್ಳುತ್ತಾರೆ. ತಮಟೆಗೆ ಧ್ವನಿವರ್ಧಕ ಬೇಕಿಲ್ಲ.