ನೀರು ಬರುವ ಮೊದಲೇ ಇಟ್ಟ ಕೊಡಗಳು

ನಮ್ಮೂರ ಬೀದಿ ನಲ್ಲಿಯಲ್ಲಿ ನೀರು ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಬೆಳಗಿನಿಂದ ಖಾಲಿ ಕೊಡಗಳೇ ಪಾಳಿ ನಿಲ್ಲುತ್ತಿದ್ದವು. ಮನೆಯಲ್ಲಿ ಕೊಡ ಇಲ್ಲದೆ ಅವ್ವ ಪರದಾಡುತ್ತಿದ್ದಳು.

ಇಂಜಿನಿಯರ್ ಆದಮೇಲೆ ನಾನೂ ಅದನ್ನೇ ಮಾಡಿದೆ. ನಾನು ಬರೆದ ಸರ್ವರ್ ಒಂದು ರಾತ್ರಿ ಮೆಮೊರಿ ಸಾಲದೆ ಬಿದ್ದುಹೋಯ್ತು. 50,000 ಕನೆಕ್ಷನ್‌ಗಳಿದ್ದವು, ಹೆಚ್ಚಿನವು ಸುಮ್ಮನೆ ಕೂತಿದ್ದವು. ಆದರೂ ಪ್ರತಿಯೊಂದಕ್ಕೂ 64 ಕೆಬಿ ರೀಡ್ ಬಫರ್ ಮೊದಲೇ ಕೊಟ್ಟಿದ್ದೆ. ಗುಣಿಸಿ ನೋಡಿ: 3 ಜಿಬಿಗೂ ಹೆಚ್ಚು. ಎಲ್ಲ ಖಾಲಿ ಕೊಡ!

ತಪ್ಪು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇತಿಹಾಸ. 1983ರಲ್ಲಿ ಬರ್ಕ್ಲಿಯ 4.2ಬಿಎಸ್‌ಡಿ ಯುನಿಕ್ಸ್ 'ಸೆಲೆಕ್ಟ್' ತಂದಿತು. ಯಾವ ನಲ್ಲಿಗೆ ನೀರು ಬಂದಿದೆ ಅಂತ ಮೊದಲು ಕೇಳು, ಆಮೇಲೆ ಕೊಡ ಒಯ್ಯಿ. ಇಲ್ಲಿ ಒಂದೇ ಬಫರ್ ಇಟ್ಟುಕೊಂಡು ಎಲ್ಲರಿಂದಲೂ ಓದಬಹುದು. ಆದರೆ ಪ್ರತಿ ಸಲ ಎಲ್ಲ ನಲ್ಲಿಗಳನ್ನೂ ಸುತ್ತಿ ನೋಡಬೇಕು. ಒಂದೇ ಸರ್ವರ್ 10,000 ಗ್ರಾಹಕರನ್ನು ಹೇಗೆ ನಿಭಾಯಿಸಬೇಕು ಅನ್ನೋ ಪ್ರಶ್ನೆಗೆ 1999ರಲ್ಲಿ ಡ್ಯಾನ್ ಕೆಗೆಲ್ 'ಸಿ10ಕೆ' ಅಂತ ಹೆಸರಿಟ್ಟ. 2000ದಲ್ಲಿ ಫ್ರೀಬಿಎಸ್‌ಡಿಯ ಕೆಕ್ಯೂ, 2002ರಲ್ಲಿ ಲಿನಕ್ಸ್‌ನ ಇಪೋಲ್ ಬಂದು ಆ ಸುತ್ತಾಟ ತಪ್ಪಿಸಿದವು.

ವಿಂಡೋಸ್ ಎನ್‌ಟಿಯದು ಬೇರೆ ದಾರಿ. ಅದರ ಐಒಸಿಪಿಯಲ್ಲಿ ಬಫರ್ ಮೊದಲೇ ಕೊಡಬೇಕು, ಕರ್ನಲ್ ತುಂಬಿಸಿ ಹೇಳುತ್ತೆ. ಕೆಲಸ ಚುರುಕು, ಆದರೆ ಡೇಟಾ ಬರುವವರೆಗೂ ಬಫರ್ ಅಲ್ಲೇ ಸಿಕ್ಕಿಕೊಂಡಿರುತ್ತೆ. ಅದಕ್ಕೆ ಅಲ್ಲಿನವರು ಒಂದು ಉಪಾಯ ಮಾಡಿದರು: ಸೊನ್ನೆ ಬೈಟ್ ಓದು. ಬರಿಗೈಲಿ ಹುಡುಗನನ್ನು ನಲ್ಲಿ ಹತ್ತಿರ ಕೂರಿಸಿದ ಹಾಗೆ. ನೀರು ಬಂತು ಅಂತ ಅವನು ಕೂಗಿದ ಮೇಲೆ ಕೊಡ.

2019ರಲ್ಲಿ ಯೆನ್ಸ್ ಆಕ್ಸ್‌ಬೋ ಬರೆದ ಐಒ-ಯುರಿಂಗ್ ಲಿನಕ್ಸ್ 5.1ರಲ್ಲಿ ಬಂತು. ನಾನು ಬಳಸಿದ್ದು ಇದನ್ನೇ. ಇಲ್ಲೂ ಕೊಡ ಮೊದಲೇ ಇಡಬೇಕಿತ್ತು. ಅದಕ್ಕೆ ಮರುವರ್ಷವೇ 5.7ರಲ್ಲಿ ಪರಿಹಾರ ಸಿಕ್ಕಿತು. ಬಫರ್‌ಗಳನ್ನು ಒಂದು ಕಡೆ ಪೇರಿಸಿಡಿ, ಡೇಟಾ ಬಂದಾಗ ಕರ್ನಲ್ ತಾನೇ ಒಂದನ್ನು ಎತ್ತಿಕೊಳ್ಳುತ್ತೆ. ಓದಿ ಮುಗಿದ ಮೇಲೆ ನೀವು ವಾಪಸ್ ಇಡಬೇಕು. ಮರೆತರೆ ರಾಶಿ ಬರಿದಾಗಿ ಓದೋದೇ ವಿಫಲವಾಗುತ್ತೆ.

ಈಗ ನನ್ನ ಸರ್ವರ್‌ನಲ್ಲಿ ಇರೋದು 2,000 ಬಫರ್, ಸುಮಾರು 128 ಎಂಬಿ. ಕನೆಕ್ಷನ್‌ಗಳು ಅಷ್ಟೇ ಇವೆ. ಮಾಡಬೇಕಿದ್ದದ್ದು ಒಂದು ಗುಣಾಕಾರ. ಅದನ್ನು ಆ ರಾತ್ರಿಗಿಂತ ಮೊದಲೇ ಮಾಡಬಹುದಿತ್ತು.