ಮೇಲೇಳುವ ಬಾಗಿಲು, ಕೆಳಗೆ ಮಕ್ಕಳು

ಅಮೆರಿಕದ ಉಪನಗರಗಳ ಮನೆಗಳಿಗೆ ಮುಂಬಾಗಿಲು ಇದ್ದೇ ಇರುತ್ತದೆ. ಆದರೆ ಮನೆಯವರ ಓಡಾಟ ಬಹುಪಾಲು ಗ್ಯಾರೇಜಿನ ಮೂಲಕ. ಕಾರು ಮನೆ ಮುಂದಕ್ಕೆ ಬರುತ್ತಲೇ ರಿಮೋಟ್ ಒತ್ತುತ್ತಾರೆ, ಹದಿನಾರು ಅಡಿ ಅಗಲದ ಬಾಗಿಲು ಬಾಗುತ್ತ ಸೂರಿನತ್ತ ಸರಿಯುತ್ತದೆ. ಕಾರು ಒಳಗೆ ಬಂದ ಮೇಲೆ ಜನ ಪಕ್ಕದ ಸಣ್ಣ ಬಾಗಿಲಿನಿಂದ ನೇರ ಅಡುಗೆಮನೆ ಕಡೆಗೆ. ಹೊಸ್ತಿಲ ರಂಗೋಲಿ ಕಾಣುವುದು ಕೊರಿಯರ್ ಹುಡುಗನಿಗೆ ಮಾತ್ರ. ಮಗಳ ಬಾಣಂತನಕ್ಕೆಂದು ಡಲ್ಲಾಸಿಗೋ ನ್ಯೂಜೆರ್ಸಿಗೋ ಹೋಗಿ ಆರು ತಿಂಗಳು ಮೊಮ್ಮಕ್ಕಳನ್ನು ನೋಡಿಕೊಳ್ಳುವ ನಮ್ಮ ಅಜ್ಜ ಅಜ್ಜಿಯರಿಗೆ ಈ ಬಾಗಿಲು ಮೊದಲ ದಿನ ಬೆರಗು, ವಾರ ಕಳೆದರೆ ಅದೂ ಒಂದು ಬಾಗಿಲು. ನಿಜಕ್ಕೂ ಅದು ಮನೆಯಲ್ಲಿ ಚಲಿಸುವ ವಸ್ತುಗಳಲ್ಲೆಲ್ಲ ದೊಡ್ಡದು. ಮಕ್ಕಳು ದಿನಕ್ಕೆ ನಾಲ್ಕಾರು ಸಲ ಅದರ ಕೆಳಗೇ ಹಾಯುತ್ತಾರೆ.

ಭಾರ ಹೊರುವುದು ಸ್ಪ್ರಿಂಗ್

ಅಡ್ಡ ಪಟ್ಟಿಗಳನ್ನು ಕೀಲುಗಳಿಂದ ಜೋಡಿಸಿ ಮೇಲಕ್ಕೆ ಸರಿಯುವಂತೆ ಮಾಡಿದ ಬಾಗಿಲು 1921ರಲ್ಲಿ ಸಿ. ಜಿ. ಜಾನ್ಸನ್ ರೂಪಿಸಿದ್ದು. ಅದನ್ನು ವಿದ್ಯುತ್ತಿನಿಂದ ಎತ್ತುವ ಯಂತ್ರವನ್ನೂ 1926ರಲ್ಲಿ ಅವರೇ ತಂದರು. ಎರಡು ಕಾರು ಹಿಡಿಯುವ ಗ್ಯಾರೇಜಿನ ಉಕ್ಕಿನ ಬಾಗಿಲು ಸಾಮಾನ್ಯವಾಗಿ 60ರಿಂದ 100 ಕಿಲೋ ತೂಗುತ್ತದೆ, ಮರದ್ದಾದರೆ ಇನ್ನೂ ಹೆಚ್ಚು. ಸೂರಿಗೆ ತೂಗುಹಾಕಿದ ಪುಟ್ಟ ಮೋಟಾರು ಇಷ್ಟು ಭಾರವನ್ನು ಎತ್ತುತ್ತದೆಂದು ನೋಡಿದವರು ಭಾವಿಸುತ್ತಾರೆ. ಎತ್ತುವುದು ಬಿಗಿಯಾಗಿ ತಿರುಚಿಟ್ಟ, ಅಥವಾ ಎಳೆದು ಕಟ್ಟಿದ ಸ್ಪ್ರಿಂಗ್. ಏತಕ್ಕೆ ಹಿಂದೆ ಕಟ್ಟಿದ ಕಲ್ಲು ಮಾಡುವ ಕೆಲಸವನ್ನೇ ಇಲ್ಲಿ ಅದು ಮಾಡುತ್ತದೆ, ಮೋಟಾರಿನದು ಸುಮ್ಮನೆ ಒಂದು ತಳ್ಳು.

ಹಾಗಾಗಿ ಸ್ಪ್ರಿಂಗ್ ಸರಿಯಿದ್ದಷ್ಟು ದಿನ ಬಾಗಿಲು ಹಗುರ. ಸಾಮಾನ್ಯ ಸ್ಪ್ರಿಂಗ್ ತಾಳುವುದು ಸುಮಾರು 10,000 ಸಲದ ಏರಿಳಿತ. ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚಿದರೆ ಏಳು ವರ್ಷದೊಳಗೆ ಲೆಕ್ಕ ಮುಗಿಯಿತು. ಒಂದು ದಿನ ಪಟಾಕಿ ಸಿಡಿದಂಥ ಸದ್ದಿನೊಡನೆ ಅದು ತುಂಡಾಗುತ್ತದೆ, ಅಷ್ಟೂ ಭಾರ ಬಾಗಿಲಿಗೆ ಮರಳುತ್ತದೆ. ಅಂಥ ಬಾಗಿಲನ್ನು ಮೋಟಾರಿನಿಂದಲೋ ಕೈಯಿಂದಲೋ ಎತ್ತಲು ಹೋಗದೆ, ಮಕ್ಕಳನ್ನು ದೂರವಿಟ್ಟು ಕೆಲಸ ಬಲ್ಲವರನ್ನು ಕರೆಸುವುದೇ ಸರಿ. ಎಳೆದು ಕಟ್ಟುವ ಬಗೆಯ ಸ್ಪ್ರಿಂಗಾದರೆ ಅದರ ಒಳಗಿಂದ ಒಂದು ಸುರಕ್ಷಾ ಕೇಬಲ್ ಹಾದಿರಬೇಕು. ಇಲ್ಲವಾದರೆ ತುಂಡಾದ ಸ್ಪ್ರಿಂಗ್ ಗ್ಯಾರೇಜಿನೊಳಗೆ ಚಾಟಿಯಂತೆ ಬೀಸುತ್ತದೆ. ಬಾಗಿಲಿನ ಬುಡದಲ್ಲಿ ಕೇಬಲ್ ಸಿಕ್ಕಿಸಿದ ಬ್ರಾಕೆಟ್ಟಿನ ಮೇಲೂ ಇದೇ ಸೆಳೆತವಿರುತ್ತದೆ. ಸ್ಕ್ರೂಡ್ರೈವರ್ ಕೈಗೆ ಸಿಕ್ಕಿತೆಂದು ಅದನ್ನು ಬಿಚ್ಚಲು ಹೊರಡುವ ಉತ್ಸಾಹಿ ಅಜ್ಜಂದಿರಿಗೂ ಈ ಮಾತು ಅನ್ವಯಿಸುತ್ತದೆ.

ಕಾನೂನು ಬಂದ ದಾರಿ

ಇಳಿಯುತ್ತಿರುವ ಬಾಗಿಲು ಮಕ್ಕಳ ಕಣ್ಣಿಗೆ ಪಂದ್ಯ. ಗುಂಡಿ ಒತ್ತಿ ಓಡುವುದು, ಕೊನೆಯ ಗಳಿಗೆಯಲ್ಲಿ ಬಗ್ಗಿ ನುಸುಳುವುದು, ಏರುವಾಗ ಅಂಚಿಗೆ ಜೋತುಬೀಳುವುದು. ಬೇಡ ಎಂದಷ್ಟೂ ಆಟಕ್ಕೆ ರುಚಿ ಹೆಚ್ಚು. ಬೈದು ತಿದ್ದುವುದಷ್ಟೇ ಸಾಲದು ಎಂದು ಅಮೆರಿಕ ಕಲಿತದ್ದು ಸಾವುಗಳ ಲೆಕ್ಕದಿಂದ. 1982ರ ಮಾರ್ಚ್‌ನಿಂದ ಮುಂದಿನ ವರ್ಷಗಳಲ್ಲಿ 2ರಿಂದ 14 ವರ್ಷದೊಳಗಿನ ಸುಮಾರು 60 ಮಕ್ಕಳು ಯಂತ್ರಚಾಲಿತ ಗ್ಯಾರೇಜ್ ಬಾಗಿಲುಗಳಡಿ ಸಿಲುಕಿ ಸತ್ತರೆಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ವರದಿಯಾಗಿತ್ತು.

ಹಳೆಯ ಯಂತ್ರಗಳಲ್ಲಿ ಕೆಲವು ತಡೆ ಸಿಕ್ಕಾಗ ನಿಲ್ಲುತ್ತಿದ್ದವು, ಮರಳಿ ಮೇಲೇಳುತ್ತಿರಲಿಲ್ಲ. ಎದೆಯ ಮೇಲೆ ಬಂದು ನಿಂತ ಬಾಗಿಲು ಇಳಿಯುತ್ತಿರುವ ಬಾಗಿಲಿನಷ್ಟೇ ಕೆಟ್ಟದ್ದು, ಉಸಿರಾಡಲು ಬಿಡುವುದಿಲ್ಲ. ತಾನಾಗಿ ಮೇಲೇಳುವ ಯಂತ್ರಗಳಲ್ಲೂ ಇನ್ನೊಂದು ಕೊರತೆ ಕಂಡಿತು. ಗಟ್ಟಿ ಮರದ ತುಂಡಿಗೆ ತಾಗಿದ ಕೂಡಲೇ ತಿರುಗುವ ಬಾಗಿಲು ಮಗುವಿನ ಮೆತ್ತನೆಯ ಮೈಗೆ ತಾಗಿದಾಗ ತಿರುಗದೇ ಇರಬಹುದು. ಮೈ ಬಗ್ಗುತ್ತದೆ, ಯಂತ್ರಕ್ಕೆ ತಡೆ ಸಿಕ್ಕಿದ್ದು ತಿಳಿಯುವುದು ತಡವಾಗುತ್ತದೆ.

1990ರ ಕಾನೂನು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1993ರ ಜನವರಿ 1ರಿಂದ ಅಮೆರಿಕದ ಮನೆಗಳಿಗೆಂದು ತಯಾರಾಗುವ ಪ್ರತಿ ಯಂತ್ರಕ್ಕೂ ಹೊರಗಿನಿಂದ ಎರಡನೆಯ ರಕ್ಷಣೆ ಕಡ್ಡಾಯವಾಯಿತು: ಬೆಳಕಿನ ಕಣ್ಣು, ಬಾಗಿಲಂಚಿನ ಸೆನ್ಸರ್, ಅಥವಾ ಅಷ್ಟೇ ರಕ್ಷಣೆ ಕೊಡುವ ಮತ್ತೊಂದು ಸಾಧನ. ಮನೆ ಕೊಳ್ಳುವಾಗಲೋ ಬಾಡಿಗೆಗೆ ಹಿಡಿಯುವಾಗಲೋ ಬಾಗಿಲಿನ ಎರಡೂ ಬದಿ ಬುಡದಲ್ಲಿ ಎದುರುಬದುರು ನೋಡುವ ಪುಟ್ಟ ಪೆಟ್ಟಿಗೆಗಳು ಕಾಣದಿದ್ದರೆ, ಬಾಗಿಲಂಚಿನಲ್ಲೂ ಸೆನ್ಸರ್ ಇಲ್ಲದಿದ್ದರೆ, ಯಂತ್ರ ಅದಕ್ಕೂ ಹಳೆಯದು ಎಂದು ತಿಳಿದು ಬದಲಿಸಬೇಕು. ರಿಪೇರಿಯ ಮಾತು ಬೇಡ.

ಬೆಳಕಿನ ಕಣ್ಣಿಗೆ ಕಾಣುವುದು ಒಂದೇ ಗೆರೆ

ಈ ಕಣ್ಣುಗಳನ್ನು ನೆಲದಿಂದ ಆರು ಅಂಗುಲಕ್ಕಿಂತ ಎತ್ತರದಲ್ಲಿ ಕೂರಿಸಬಾರದು. ಅಂಬೆಗಾಲಿಡುವ ಮಗುವೂ ಮಲಗಿದ ಮಗುವೂ ಅವುಗಳ ನಡುವಿನ ಬೆಳಕಿನ ಗೆರೆಗೆ ಸಿಗಲಿ ಎಂಬುದು ಲೆಕ್ಕ. ಅವಕ್ಕೆ ಕಾಣುವುದೂ ಆ ಒಂದು ಗೆರೆ ಮಾತ್ರ. ಗೆರೆ ದಾಟಿ ಬಾಗಿಲಿನ ಅಂಚಿಗೆ ಜೋತುಬಿದ್ದು ಕಾಲು ಮೇಲೆತ್ತಿದ ಹುಡುಗ ಅವುಗಳ ಪಾಲಿಗೆ ಇಲ್ಲವೇ ಇಲ್ಲ.

ಜೇಡರ ಬಲೆ, ದೂಳು, ಮಕ್ಕಳ ಸೈಕಲ್ ತಗುಲಿ ಓರೆಯಾದ ಪೆಟ್ಟಿಗೆ, ಸಂಜೆಯ ನೇರ ಬಿಸಿಲು, ಇವುಗಳಲ್ಲಿ ಯಾವುದೊಂದಾದರೂ ಕಣ್ಣು ಮಂಕಾಗುತ್ತದೆ. ಆಗ ಬಾಗಿಲು ಮುಚ್ಚಲು ಒಪ್ಪದೆ ದೀಪ ಮಿನುಗಿಸುತ್ತದೆ. ಅವಸರದಲ್ಲಿರುವವರಿಗೆ ಇದು ಕಿರಿಕಿರಿ. ಎರಡೂ ಕಣ್ಣುಗಳನ್ನು ಬಿಚ್ಚಿ ಎದುರುಬದುರು ಟೇಪು ಸುತ್ತಿ ಸೂರಿನ ಹತ್ತಿರ ಕಟ್ಟಿಡುವ ಜಾಣರಿದ್ದಾರೆ. ಬಾಗಿಲು ಮುಚ್ಚುತ್ತದೆ, ಆದರೆ ಕಾವಲು ಅಲ್ಲಿಗೇ ಮುಗಿಯಿತು. ಮಂಕಾದ ಕಣ್ಣಿಗೆ ಬೇಕಾದದ್ದು ಒಣಬಟ್ಟೆಯ ಒಂದು ಒರೆತ, ಬಹಳವೆಂದರೆ ಕೊಂಚ ತಿರುಗಿಸಿ ನೇರ ಮಾಡುವುದು. ಅಷ್ಟಕ್ಕೇ ಅನೇಕ ಸಲ ಸರಿಹೋಗುತ್ತದೆ.

ಕಣ್ಣು ಕೆಟ್ಟಾಗಲೂ ಗೋಡೆಯ ಗುಂಡಿಯನ್ನು ಬಿಡದೆ ಒತ್ತಿಹಿಡಿದರೆ ಬಾಗಿಲು ಮುಚ್ಚುತ್ತದೆ. ಇದು ದೋಷವಲ್ಲ. ಒತ್ತಿಹಿಡಿದವರು ಬಾಗಿಲನ್ನೇ ನೋಡುತ್ತಿರುತ್ತಾರೆ ಎಂಬ ನಂಬಿಕೆಯ ಮೇಲೆ ಕೊಟ್ಟ ಸವಲತ್ತು. ಗುಂಡಿ ಬಾಗಿಲು ಕಾಣುವ ಜಾಗದಲ್ಲಿ, ಐದು ಅಡಿಗಿಂತ ಕೆಳಗಿಲ್ಲದಂತೆ ಇರಬೇಕೆನ್ನುವುದೂ ಇದಕ್ಕೇ. ಐದು ಅಡಿ ಅಂದರೆ ಚಿಕ್ಕ ಮಕ್ಕಳಿಗೆ ನಿಲುಕದ ಎತ್ತರ, ಗುಂಡಿಯ ಕೆಳಗೆ ಅಕ್ಕಿ ಚೀಲ ಪೇರಿಸಿಟ್ಟಿರದಿದ್ದರೆ.

ತಿಂಗಳಿಗೊಮ್ಮೆ ಹತ್ತು ನಿಮಿಷ

ಪರೀಕ್ಷೆಗೆ ಬೇಕಾದದ್ದು ಒಂದು ಪೊರಕೆ, ಒಂದೂವರೆ ಅಂಗುಲ ದಪ್ಪದ ಒಂದು ಮರದ ತುಂಡು. ಮಕ್ಕಳು ಮನೆಯೊಳಗಿರುವಾಗ ಮಾಡಿ, ನೋಡಿದರೆ ಅವರಿಗೆ ಇದೂ ಆಟವೇ. ಬಾಗಿಲು ಇಳಿಯುತ್ತಿರುವಾಗ ಪೊರಕೆಯ ಹಿಡಿಯನ್ನು ಬೆಳಕಿನ ಗೆರೆಗೆ ಅಡ್ಡ ಹಿಡಿದರೆ ತಕ್ಷಣ ಮೇಲೇಳಬೇಕು. ಆಮೇಲೆ ಬಾಗಿಲಿನ ನಡುಭಾಗಕ್ಕೆ ನೇರವಾಗಿ ಮರದ ತುಂಡನ್ನು ನೆಲದ ಮೇಲೆ ಅಂಗಾತ ಇಟ್ಟು ಮುಚ್ಚಿ. ತಾಗಿದ ಎರಡು ಸೆಕೆಂಡಿನೊಳಗೆ ಬಾಗಿಲು ವಾಪಸು ಹೋಗಬೇಕು. ನಿಂತುಬಿಟ್ಟರೆ, ಅಥವಾ ತುಂಡನ್ನು ಒತ್ತುತ್ತಲೇ ಇದ್ದರೆ, ಮೋಟಾರಿನ ಸಂಪರ್ಕ ತಪ್ಪಿಸಿ ರಿಪೇರಿಯಾಗುವವರೆಗೆ ಕೈಯಲ್ಲೇ ತೆರೆಯಿರಿ.

ಸಂಪರ್ಕ ತಪ್ಪಿಸಲು ಸೂರಿನಿಂದ ಕೆಂಪು ಹಿಡಿಯ ಹಗ್ಗವೊಂದು ನೇತಾಡುತ್ತಿರುತ್ತದೆ. ಬಾಗಿಲು ಮುಚ್ಚಿರುವಾಗ ಅದನ್ನು ಎಳೆದು ಕೈಯಿಂದ ಅರ್ಧ ಎತ್ತಿ ನೋಡಿದರೆ ಸ್ಪ್ರಿಂಗಿನ ಆರೋಗ್ಯವೂ ತಿಳಿಯುತ್ತದೆ: ಸರಿಯಿದ್ದ ಬಾಗಿಲು ಎತ್ತಿದಲ್ಲೇ ನಿಲ್ಲುತ್ತದೆ, ದಣಿದದ್ದು ಕುಸಿಯುತ್ತದೆ. ತೆರೆದ ಬಾಗಿಲಿನ ಹಗ್ಗವನ್ನು ಮಾತ್ರ ಎಳೆಯಬೇಡಿ. ಮನೆಯಲ್ಲಿರುವ ಹಿರಿಯರೆಲ್ಲರಿಗೂ ಈ ಹಗ್ಗ ಗೊತ್ತಿರಲಿ. 2017ರ ಕಾಳ್ಗಿಚ್ಚಿನಲ್ಲಿ ಕರೆಂಟು ಹೋಗಿ ಬಾಗಿಲು ತೆರೆಯಲಾಗದೆ ಜನ ಒದ್ದಾಡಿದ ಮೇಲೆ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಹೊಸ ಯಂತ್ರಗಳಿಗೆ ಬ್ಯಾಟರಿ ಕಡ್ಡಾಯ ಮಾಡಿತು.

ಬೆರಳು, ರಿಮೋಟ್, ಫೋನು

ಪಟ್ಟಿಗಳು ಕೂಡುವ ಸಂದು ಬಾಗಿಲು ಬಾಗುವಾಗ ತೆರೆದು, ನೇರವಾಗುವಾಗ ಮುಚ್ಚುತ್ತದೆ. ಬೆರಳು ಜಜ್ಜುವುದು ಅಲ್ಲೇ. ಬೆರಳು ತೂರದಂಥ ಸಂದಿನ ಬಾಗಿಲುಗಳು ಸಿಗುತ್ತವೆ. ಹಳೆಯದಾದರೆ ಎಳೆಯಲು ಒಳಗೂ ಹೊರಗೂ ಹಿಡಿ ಹಾಕಿಸಿ. ರಿಮೋಟ್ ಬೀಗದ ಕೈಯಿದ್ದಂತೆ. ಕಾರಿನಲ್ಲಿ ಮಕ್ಕಳ ಕೈಗೆ ಸಿಗುವಂತೆ ಬಿಡಬಾರದು. ಫೋನಿನಿಂದ ದೂರದಲ್ಲಿ ಕೂತು ಬಾಗಿಲು ಮುಚ್ಚುವುದು ಈಗ ಮಾಮೂಲು. ಆಗ ಬಾಗಿಲು ಇಳಿಯುವ ಮುನ್ನ ಕೆಲವು ಸೆಕೆಂಡು ದೀಪ ಮಿನುಗಿಸಿ ಬೀಪ್ ಎನ್ನುತ್ತದೆ. ಮಾತು ಬಾರದ ಕೂಸಿಗೆ ಆ ಸದ್ದಿನ ಅರ್ಥ ತಿಳಿಯದು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಆಫೀಸಿನಲ್ಲಿ ಕೂತು ಬಾಗಿಲು ಮುಚ್ಚುವ ಹಂಬಲವನ್ನು ಕೆಲ ವರ್ಷ ಮುಂದೂಡುವುದೇ ಲೇಸು.

ಊರಿನ ಗೇಟುಗಳು

ನಮ್ಮಲ್ಲಿ ಈ ಬಾಗಿಲು ಅಪರೂಪ. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನಲ್ಲಿ ಅದರ ಜಾಗವನ್ನು ಹಳಿಯ ಮೇಲೆ ಉರುಳುವ ಕಬ್ಬಿಣದ ಗೇಟು ಹಿಡಿದಿದೆ. ಅದಕ್ಕೆ ಕಣ್ಣೂ ಇಲ್ಲ, ಸ್ಪ್ರಿಂಗೂ ಇಲ್ಲ. ಅದರ ಅಪಾಯ ಬೇರೆ: ಹಳಿಯ ತುದಿ ದಾಟಿದರೆ ಇಡೀ ಗೇಟು ಮಗುಚಿ ಬೀಳುತ್ತದೆ. ಮಕ್ಕಳು ಅದರ ಮೇಲೆ ನಿಂತು ಗಾಡಿ ಮಾಡಿಕೊಂಡು ಆಡುವುದೂ ಉಂಟು. ಮೋಟಾರು ಸೇರಿದರೆ ಇನ್ನೊಂದು ಅಪಾಯ: ಬ್ರಿಟನ್ನಿನಲ್ಲಿ 2010ರ ಬೇಸಿಗೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಪುಟ್ಟ ಹುಡುಗಿಯರು ವಿದ್ಯುತ್ ಗೇಟುಗಳಿಗೆ ಸಿಲುಕಿ ಸತ್ತರು. ಮೋಟಾರಿನ ಗೇಟು ಇಲ್ಲಿಯೂ ಈಗ ಅಪಾರ್ಟ್‌ಮೆಂಟು, ಬಂಗಲೆಗಳಿಗೆ ಬರುತ್ತಿದೆ. ವೆಲ್ಡಿಂಗ್ ಅಂಗಡಿಯವರಿಗೆ ಗೇಟಿನ ಆರ್ಡರ್ ಕೊಡುವಾಗ ಹಳಿಯ ಎರಡೂ ತುದಿಗೆ ಗಟ್ಟಿ ಸ್ಟಾಪರ್, ಮೇಲ್ಭಾಗ ವಾಲದಂತೆ ಗೋಡೆಗೆ ಬಿಗಿದ ಗೈಡ್ ರೋಲರ್ ಕೇಳಿ. ಮೋಟಾರು ಹಾಕಿಸುವವರು ಬೆಳಕಿನ ಕಣ್ಣನ್ನೂ ಕೇಳಿ ಹಾಕಿಸಿಕೊಳ್ಳಿ. ಗೇಟು ಕೂರಿಸಿದ ದಿನವೇ, ಹಣ ಕೊಡುವ ಮುಂಚೆ, ಕೊನೆಯವರೆಗೆ ಜೋರಾಗಿ ತಳ್ಳಿ ನೋಡಿ.