ನೆಟ್ಟ ಕಂಬ, ಇಟ್ಟ ಕಂಬ

ಕಂಪ್ಲಿ ಸೀಮೆಯ ಕುಮಾರರಾಮನ ಕಥೆ ತಿರುವು ಪಡೆಯುವುದೇ ಒಂದು ಚೆಂಡಿನಿಂದ. ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದ ರಾಮ ಅಪವಾದ ಹೊತ್ತು ಬರುತ್ತಾನೆ. 1327ರಲ್ಲಿ ಕಂಪಿಲ ರಾಜ್ಯ ದಿಲ್ಲಿಯ ಸೇನೆಗೆ ಬಿದ್ದ ಮೇಲೂ ಆ ಚೆಂಡಿನ ಪ್ರಸಂಗ ಜನರ ಬಾಯಲ್ಲಿ ಉಳಿಯಿತು. ಹಾಗಾಗಿ ಈ ಸೀಮೆಗೆ ಚೆಂಡಾಟ ಹೊಸದಲ್ಲ, ಹೊಸದಾಗಿರುವುದು ಗೋಲ್‌ಪೋಸ್ಟ್. ಹುಟ್ಟಿದಾಗ ನೆಟ್ಟ ಕಂಬವಾಗಿದ್ದ ಅದು ನಮ್ಮ ಶಾಲೆಗಳ ಬಯಲಿಗೆ ಬರುವಾಗ ಹಲವೆಡೆ ಇಟ್ಟ ಕಂಬವಾಗಿದೆ. ಮಕ್ಕಳ ಜೀವಕ್ಕೆ ಅಪಾಯ ತರುವುದು ಈ ವ್ಯತ್ಯಾಸವೇ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಹಂಪಿಯ ಬಂಡೆಗಳನ್ನು ನೋಡಿದರೆ ಸಾಕು.

ಮಹಾನವಮಿ ದಿಬ್ಬದ ಮೇಲೆ ಇಂದು ಕಟ್ಟಡವಿಲ್ಲ. ಅಲ್ಲಿ ನಿಂತಿದ್ದ ಮರದ ಕಂಬಗಳು ಎಂದೋ ಹೋದವು, ಅವು ಕೂತಿದ್ದ ಜಾಗಗಳ ಗುರುತು ಮಾತ್ರ ಕಲ್ಲಿನಲ್ಲಿದೆ. ಹಂಪಿಯ ಬಂಡೆಗಳಲ್ಲಿ ಬೇರೆ ಕಡೆಯೂ ಕಂಬ ಇಳಿಸಲು ಕೊರೆದ ಕುಳಿಗಳು ಕಾಣುತ್ತವೆ. ಹಬ್ಬ ನಾಲ್ಕು ದಿನದ್ದಿರಬಹುದು, ಹಂದರದ ಕಂಬಕ್ಕೆ ಮಾತ್ರ ಬಂಡೆಯನ್ನೇ ಕೊರೆದರು. 1443ರಲ್ಲಿ ಎರಡನೇ ದೇವರಾಯನ ಕಾಲಕ್ಕೆ ಬಂದ ಅಬ್ದುರ್ ರಜಾಕ್ ಮಹಾನವಮಿಗೆ ಎದ್ದ ಹಲವು ಅಂತಸ್ತಿನ ಮಂಟಪಗಳನ್ನು ಬಣ್ಣಿಸಿದ್ದಾನೆ. ಅವನು ಬೆರಗಾಗಿ ನೋಡಿದ ಒಂದು ಆಟವೂ ಇದೆ. ಎತ್ತರದ ಕಂಬದ ತಲೆಯ ಮೇಲೆ ಅಡ್ಡತೊಲೆ. ತೊಲೆಯ ಒಂದು ತುದಿಗೆ ಹಲಗೆ, ಅದರ ಮೇಲೆ ಆನೆ. ಇನ್ನೊಂದು ತುದಿಗೆ ಆನೆಯ ತೂಕಕ್ಕೆ ಸಮನಾದ ಕಲ್ಲು. ಆನೆ ಏರುವುದು, ಇಳಿಯುವುದು, ಜನ ನೋಡುವುದು. ಆ ಕಲ್ಲನ್ನು ತೂಗಿ ಕಟ್ಟಿದವನ ಹೆಸರು ಉಳಿದಿಲ್ಲ. ಆದರೆ ತಾತ್ಕಾಲಿಕ ಎಂಬ ಕಾರಣಕ್ಕೆ ಯಾವುದನ್ನೂ ಹಗುರವಾಗಿ ನೋಡದ ಒಂದು ಕಸುಬು ಇಲ್ಲಿತ್ತು ಎನ್ನಲು ಅವನ ಕೆಲಸವೇ ಸಾಕ್ಷಿ. ಮದುವೆಯ ಹಂದರಗಂಬವನ್ನು ಪೂಜೆ ಮಾಡಿ ನೆಡುವ ರೂಢಿ, ತೇರಿನ ಗಾಲಿಗೆ ಸನ್ನೆ ಹಾಕುವವರು ಇಂಥವರೇ ಎಂಬ ಕಟ್ಟು, ಇವೂ ಅದೇ ಅರಿವಿನಿಂದ ಬಂದವು. ಕಂಬ ಎತ್ತಿದರೆ ಅದನ್ನು ಕಾಯುವ ಆಳೂ ಇರಬೇಕು.

ಇಂಗ್ಲೆಂಡಿನಲ್ಲಿ 1863ರಲ್ಲಿ ಫುಟ್‌ಬಾಲ್ ನಿಯಮಗಳನ್ನು ಬರೆದಾಗ ಗೋಲು ಎಂದರೆ ನೆಟ್ಟ ಎರಡು ಕಂಬ, ಮೇಲೆ ಏನೂ ಇಲ್ಲ. 1866ರಲ್ಲಿ ಕಂಬಗಳ ನಡುವೆ ಪಟ್ಟಿ ಬಂತು, 1882ರಲ್ಲಿ ಅಡ್ಡಪಟ್ಟಿ ಕಡ್ಡಾಯವಾಯಿತು, 1890ರ ದಶಕದ ಮೊದಲಿಗೆ ಬಲೆ ಸೇರಿತು. ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಅಪಾಯ ಒಳಹೊಕ್ಕಿದ್ದು ಒಂದೇ ಮೈದಾನವನ್ನು ಹಲವು ಆಟಗಳಿಗೆ ಬಳಸತೊಡಗಿ, ಎತ್ತಿಡಬಹುದಾದ ಕಬ್ಬಿಣದ ಚೌಕಟ್ಟು ಬಂದಾಗ. ಅದರ ಭಾರವೆಲ್ಲ ಮುಂದಿನ ಕಂಬ ಮತ್ತು ಅಡ್ಡಪಟ್ಟಿಯಲ್ಲಿರುತ್ತದೆ, ಹಿಂದಕ್ಕೆ ಚಾಚಿದ ಕಾಲು ಹಗುರ. ಹುಡುಗನೊಬ್ಬ ಅಡ್ಡಪಟ್ಟಿಗೆ ಜೋತುಬಿದ್ದು ಮುಂದಕ್ಕೆ ಜೀಕಿದರೆ ಹಿಂಗಾಲು ನೆಲ ಬಿಡುತ್ತದೆ, ಇಡೀ ಚೌಕಟ್ಟು ಅವನ ಮೇಲೆಯೇ ಮಗುಚುತ್ತದೆ. ಜೋರು ಗಾಳಿಗೂ ಹೀಗೇ ಆಗುವುದುಂಟು. 1979ರಿಂದ 1994ರವರೆಗೆ ಅಮೆರಿಕದಲ್ಲಿ ಇಂಥ ಗೋಲುಗಳು ಬಿದ್ದು ಕನಿಷ್ಠ 21 ಜನ ಸತ್ತದ್ದನ್ನು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಎಣಿಸಿತು. 1995ರಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯ ಒಂದು ಮಾತು ನಮಗೂ ತಟ್ಟಬೇಕು: ಬಿದ್ದವುಗಳಲ್ಲಿ ಹೆಚ್ಚಿನವು ಶಾಲೆಯ ಕೈಗೆಲಸದ ತರಗತಿಯಲ್ಲೋ ಊರಿನ ವೆಲ್ಡಿಂಗ್ ಅಂಗಡಿಯಲ್ಲೋ ಮಾಡಿಸಿದ ಭಾರದ ಚೌಕಟ್ಟುಗಳು.

ಅದಿರಿನ ಸೀಮೆಯಾದ ಸಂಡೂರು, ಹೊಸಪೇಟೆಗಳಲ್ಲಿ ಕಬ್ಬಿಣಕ್ಕೂ ಬರವಿಲ್ಲ, ವೆಲ್ಡಿಂಗ್ ಬಲ್ಲವರಿಗೂ ಬರವಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಿಂದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಅಂಥ ಕಡೆ ಸಲಕರಣೆಗೆ ದುಡ್ಡೂ ಉಂಟು, ನೋಡಿಕೊಳ್ಳುವವರೂ ಉಂಟು. ನನ್ನ ಚಿಂತೆ ಅದರಾಚೆಯ ಊರುಗಳದ್ದು. ಹಂಪಿಯಲ್ಲಿ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಕಟ್ಟುವಂತಿಲ್ಲ, ಮನಸ್ಸಿಗೆ ಬಂದಂತೆ ಗುಣಿ ತೋಡುವಂತಿಲ್ಲ. ಆ ನಿರ್ಬಂಧ ಸರಿಯಾದದ್ದೇ. ಆದರೆ ಅಲ್ಲಿ ಆಡಬೇಕಾದ ಮಕ್ಕಳಿಗೆ ಉಳಿಯುವುದು ಎತ್ತಿಡುವ ಗೋಲು. ಕಂಪ್ಲಿ ಕಡೆಯ ಎರೆಮಣ್ಣಿನ ಕಥೆ ಬೇರೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ನೆಲದಲ್ಲಿ ಆಳವಿಲ್ಲದೆ ನೆಟ್ಟ ಕಂಬ ಕೆಲವೇ ವರ್ಷಗಳಲ್ಲಿ ವಾಲುತ್ತದೆ. ಆದ್ದರಿಂದ ಎಲ್ಲ ಕಡೆಯೂ ನೆಟ್ಟುಬಿಡಿ ಎಂದರೆ ಮುಗಿಯುವುದಿಲ್ಲ, ಮಣ್ಣು ನೋಡಿ ತಳಪಾಯ ಹಾಕಬೇಕು.

ಗೋಲನ್ನು ಹೀಗೆ ಭದ್ರಪಡಿಸಬೇಕು ಎಂದಾಗ, ಭಾರವಿದ್ದರೆ ಬೀಳುವುದಿಲ್ಲ ಎಂಬ ನಂಬಿಕೆ ಮೊದಲ ಆಕ್ಷೇಪವಾಗಿ ಬರುತ್ತದೆ. ಹಂಪಿಯ ವಿಷ್ಣು ದೇವಾಲಯದ ಆವರಣದಲ್ಲಿ ಶತಮಾನಗಳಿಂದ ನಿಂತಿದ್ದ ಕಲ್ಲುಕಂಬವನ್ನು ಯುವಕರ ಗುಂಪು ತಳ್ಳಿ ಉರುಳಿಸಿದ ದೃಶ್ಯ 2019ರ ಫೆಬ್ರುವರಿಯಲ್ಲಿ ದೇಶವೆಲ್ಲ ನೋಡಿತು. ನ್ಯಾಯಾಲಯ ದಂಡ ಹಾಕಿತು, ಕಂಬವನ್ನು ಅವರಿಂದಲೇ ನಿಲ್ಲಿಸಿತು. ಮೇಲಿನ ತೊಲೆಯ ಬಂಧ ಇಲ್ಲದ ಕಂಬಕ್ಕೆ ಅದರ ತೂಕವೇ ಕಾವಲಲ್ಲ, ವಾಲಿದ ಮೇಲೆ ಅದೇ ತೂಕ ಬೀಳಿಸುತ್ತದೆ. ಹಳೆಯ ಪದ್ಧತಿಯಲ್ಲೂ ತೇರು ಬಿದ್ದಿಲ್ಲವೇ ಎಂದು ಕೇಳುವವರಿದ್ದಾರೆ. ಬಿದ್ದಿದೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು ಉರುಳಿ ಜನ ಗಾಯಗೊಂಡರು. ಹಳೆಯದೆಲ್ಲ ಭದ್ರ ಎಂಬುದು ನನ್ನ ವಾದವಲ್ಲ. ತೇರು ಯಾರದು, ಅಚ್ಚು ನೋಡಬೇಕಾದವರು ಯಾರು ಎಂದು ಕೇಳಲು ಅಲ್ಲಿ ಬಾಗಿಲಿತ್ತು. ಶಾಲೆಯ ಬಯಲಿನ ಗೋಲು ಬೆಳಿಗ್ಗೆ ಶಾಲೆಯದು, ಸಂಜೆ ಊರ ಹುಡುಗರದು, ರಾತ್ರಿ ಯಾರದೂ ಅಲ್ಲ.

ಇಲ್ಲಿ ಇಂಥದ್ದು ಆಗಿಲ್ಲವಲ್ಲ, ಈಗೇಕೆ ಗದ್ದಲ ಎಂಬ ಮಾತಿಗೆ ಹೊಸಪೇಟೆಯಲ್ಲಿ ಬೇರೆ ಉತ್ತರ ಬೇಕಿಲ್ಲ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳು ಏಳು ದಶಕ ನಿಂತಿದ್ದವು. 2024ರ ಆಗಸ್ಟ್ 10ರ ರಾತ್ರಿ 19ನೆಯದರ ಚೈನು ಕಡಿಯುವ ತನಕ ಅಲ್ಲೂ ಹಾಗೆ ಆಗಿರಲಿಲ್ಲ. ಖರ್ಚಿನ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ, ಸರ್ಕಾರಿ ಶಾಲೆಯ ಕ್ರೀಡಾ ಅನುದಾನ ಚೆಂಡಿಗೇ ಸಾಲದು. ಆದರೂ ಹಿಂಗಾಲಿನ ಪಟ್ಟಿಯ ಮೇಲೆ ಮರಳಿನ ಚೀಲ ಹೇರಲು, ನೆಲ ಅಗೆಯಬಹುದಾದ ಕಡೆ ಉದ್ದದ ಕಬ್ಬಿಣದ ಗೂಟ ಹೊಡೆಯಲು ಹೊಸ ಗೋಲಿನ ಬೆಲೆ ತಗಲುವುದಿಲ್ಲ. ಗೋಲನ್ನು ನೆಲಕ್ಕೆ ಭದ್ರವಾಗಿ ಕಟ್ಟಿರಬೇಕು ಎಂದು ಆಟದ ಮೊದಲನೇ ನಿಯಮವೇ ಹೇಳುತ್ತದೆ, ಎತ್ತಿಡುವ ಗೋಲುಗಳನ್ನೂ ಹೆಸರಿಸಿ. ಆಟ ಮುಗಿದ ಮೇಲೆ ಎರಡು ಗೋಲುಗಳನ್ನು ಮುಖಾಮುಖಿ ನಿಲ್ಲಿಸಿ, ಕಂಬಕ್ಕೆ ಕಂಬ ಸೇರಿಸಿ ಸರಪಳಿ ಬಿಗಿದು ಬೀಗ ಹಾಕುವುದು ಅಮೆರಿಕದ ಆ ಮಾರ್ಗಸೂಚಿ ಹೇಳಿಕೊಟ್ಟ ಕ್ರಮ. ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ಶಾಲೆಯ ಉಸ್ತುವಾರಿ ಸಮಿತಿ ಒಂದು ಸಭೆಯಲ್ಲಿ ತೀರ್ಮಾನಿಸಿ, ಆ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬಹುದು.